ಆಸ್ಪತ್ರೆ ಅಂಗಳದ ಕೊಳವೆ ಮತ್ತು ನಮ್ಮ ಮೇಡಂ

ನಮ್ಮ ಮೇಡಂ ನಿವೃತ್ತರಾಗಿ ಕಲಬುರಗಿಗೆ ಹೊರಟ ದಿನ ಹಲಸೂರಿನ ನಮ್ಮ ಆಫೀಸಿನಲ್ಲಿ ಒಂದು ಪುಟ್ಟ ಸಮಾರಂಭ ಮಾಡಿದೆವು. ಶಾಲು ಹೊದಿಸಿದ್ದಾಯಿತು, ಹಣ್ಣಿನ ಬುಟ್ಟಿ ಕೊಟ್ಟದ್ದಾಯಿತು, ಬಾಸ್ ನಾಲ್ಕು ಒಳ್ಳೆಯ ಮಾತು ಆಡಿದ್ದೂ ಆಯಿತು. ಉತ್ತರ ಕೊಡಲು ಎದ್ದ ಮೇಡಂ, "ಈ ಶಾಲು ಭಾಳ ಬೆಚ್ಚಗ ಅದರಿ, ಫ್ಯಾನ್ ಸ್ವಲ್ಪ ಜೋರ್ ಮಾಡ್ರಿ" ಎಂದು ಹೇಳಿ ಕುಳಿತುಬಿಟ್ಟರು. ಅವರ ಭಾಷಣ ಅಷ್ಟೇ. ಎಲ್ಲರೂ ಸಮೋಸಾ ಕಡೆ ತಿರುಗಿದಾಗ ನನ್ನನ್ನು ಪಕ್ಕಕ್ಕೆ ಕರೆದು, ಬಟ್ಟೆಯ ಚೀಲದಿಂದ ಉದ್ದದ ವೈರು ಸುತ್ತಿದ ಮರದ ಉರುಳೆಯೊಂದನ್ನು ತೆಗೆದುಕೊಟ್ಟರು. ವೈರಿನ ತುದಿಯಲ್ಲಿ ಬೆರಳುದ್ದದ ಥರ್ಮಾಮೀಟರ್ ಇತ್ತು.

"ವರ್ಷಕ್ಕೊಮ್ಮಿ ಇಳಸ್ರಿ. ರಂಜಾನ್ ಹಬ್ಬದ ದಿನಾನೇ ಇಳಸ್ರಿ" ಎಂದರು.

ಎಲ್ಲಿ ಇಳಿಸಬೇಕು, ಆ ದಿನವೇ ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಅವರೆಂದರೆ ನನಗೆ ಮೊದಲಿನಿಂದಲೂ ಪ್ರೀತಿ ಎಂದು ಈಗ ಬರೆದುಕೊಳ್ಳುವುದು ಸುಲಭ. ಆಗ ಇದ್ದದ್ದು ಹೆದರಿಕೆ, ಅದರ ಜೊತೆಗೆ ಒಂದಿಷ್ಟು ಸಿಟ್ಟು. ನಾನು ನಕ್ಷೆ ಬರೆಯುವವನು, ಅವರು ಲೆಕ್ಕ ಹಾಕುವವರು. ನಮ್ಮದು ಕಟ್ಟಡಗಳನ್ನು ತಂಪಾಗಿಡುವ ವ್ಯವಸ್ಥೆಯ ವಿನ್ಯಾಸ ಮಾಡುವ ಸಣ್ಣ ಕಂಪನಿ. ನಕ್ಷೆ ಚೆನ್ನಾಗಿದ್ದರೆ ಮೇಡಂ ಏನೂ ಹೇಳುತ್ತಿರಲಿಲ್ಲ. ಚೆನ್ನಾಗಿಲ್ಲದಿದ್ದರೆ ಮೇಜಿನ ಮೇಲಿಟ್ಟು ಹೋಗುತ್ತಿದ್ದರು, ಆಗಲೂ ಏನೂ ಹೇಳುತ್ತಿರಲಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಕಂಡುಹಿಡಿಯಲು ನನಗೆ ಒಂದು ವರ್ಷ ಬೇಕಾಯಿತು.

ಏನೇ ಎದುರಿಗೆ ಬಂದರೂ ಅಂಗೈ ಹಿಂಬದಿಯಿಂದ ಮುಟ್ಟಿ ನೋಡುವುದು ಅವರ ಅಭ್ಯಾಸ. ಕಾಫಿ ಲೋಟ, ಗೋಡೆ, ಬಸ್ಸಿನ ಕಂಬಿ, ರಸೆಲ್ ಮಾರುಕಟ್ಟೆಯಲ್ಲಿ ಒಮ್ಮೆ ಕಲ್ಲಂಗಡಿ ರಾಶಿ. ಅಂಗಡಿಯವನು, "ಹಣ್ಣಾಗಿದೆ ಅಮ್ಮಾ, ಧೈರ್ಯವಾಗಿ ತಗೊಳ್ಳಿ" ಎಂದರೆ, "ಅದಕ್ಕಲ್ಲಪ್ಪಾ, ಕೆಳಗಿಂದು ಎಷ್ಟು ತಣ್ಣಗದ ನೋಡಲಿಕ್ಕೆ" ಎಂದಿದ್ದರು. ಕೆ.ಆರ್. ಪುರದಲ್ಲಿ ಅವರ ಬಾಡಿಗೆ ಮನೆ. ಹಳೇ ಮದ್ರಾಸ್ ರಸ್ತೆಯ ಬಸ್ಸು ಹತ್ತುವಾಗಲೇ ಬಿಸಿಲು ಯಾವ ಕಡೆಗೆ ಬೀಳುತ್ತದೆ, ಎಲ್ಲಿ ತಿರುಗುತ್ತದೆ ಎಂದು ಯೋಚಿಸಿ ಸೀಟು ಹಿಡಿಯುತ್ತಿದ್ದರು. ಆ ಸೀಟಿನಲ್ಲಿ ಯಾರಾದರೂ ಕುಳಿತಿದ್ದರೆ, ಇನ್ನೆಲ್ಲ ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದರು. ಹಟ ಅಂದರೆ ಹಟ.

"ನಮ್ಮೂರಾಗ ಬ್ಯಾಸಗ್ಯಾಗ ಹೊತ್ತು ಮುಳುಗಿದ ಮ್ಯಾಲೂ ಗ್ವಾಡಿ ಮುಟ್ಟಾಕ ಆಗಂಗಿಲ್ರಿ" ಎಂದು ಒಮ್ಮೆ ಹೇಳಿದ್ದರು. "ಹಗಲು ನುಂಗಿದ್ದು ಗ್ವಾಡಿ ರಾತ್ರಿ ಉಗುಳ್ತದ. ನೆಲಾನೂ ಹಂಗೇ. ಅದು ಉಗುಳಲಿಕ್ಕ ವರ್ಷ ತಗೋತದ, ಅಷ್ಟೇ ಫರಕು."

ಆ ಫರಕೇ ಅವರ ಆಯುಸ್ಸಿನ ಕೆಲಸವಾಗಿತ್ತು. ನೆಲದಲ್ಲಿ ಬೋರ್‌ವೆಲ್ಲಿನ ಹಾಗೆ ಆಳದ ಕುಳಿ ಕೊರೆಯುವುದು. ಅದರೊಳಗೆ ತಳದವರೆಗೆ ಹೋಗಿ ಮರಳಿ ಮೇಲೆ ಬರುವ ಕೊಳವೆ ಇಳಿಸುವುದು. ಕಟ್ಟಡದ ಬಿಸಿಯನ್ನು ಹೊತ್ತ ನೀರನ್ನು ಆ ಕೊಳವೆಯಲ್ಲಿ ಸುತ್ತಿಸಿ, ಬಿಸಿಯನ್ನು ಭೂಮಿಗೆ ಕೊಟ್ಟು, ತಣ್ಣಗಾದ ನೀರನ್ನು ವಾಪಸು ತರುವುದು. ಚಳಿಯ ದೇಶಗಳಲ್ಲಿ ಬೇಸಿಗೆಯಲ್ಲಿ ನೆಲಕ್ಕೆ ಹಾಕಿದ ಬಿಸಿಯನ್ನು ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಹಾಕುವುದೊಂದೇ, ತೆಗೆಯುವುದಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಹಾಕುತ್ತಲೇ ಹೋದರೆ ನೆಲ ತಡೆಯುತ್ತದೆಯೇ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಪ್ರೋಗ್ರಾಮನ್ನು ಅವರು ತಾವೇ ಬರೆದಿದ್ದರು, ವರ್ಷಗಟ್ಟಲೆ ತಿದ್ದಿದ್ದರು. ಕುಳಿಗಳನ್ನು ಹತ್ತಿರ ಹತ್ತಿರ ಯಾಕೆ ಕೊರೆಯಬಾರದು ಎಂದು ನಾನು ಕೇಳಿದಾಗ ಡಬ್ಬಿ ತೆರೆದು ರೊಟ್ಟಿ ತೋರಿಸಿದ್ದರು. "ಬಿಸಿ ರೊಟ್ಟಿ ಒಂದರ ಮ್ಯಾಲೊಂದು ಇಟ್ರ ನಡುವಿನವು ಬೆವರ್ತಾವ ನೋಡ್ರಿ. ಬಿಡಿಬಿಡಿ ಹರವಬೇಕು."

ಆದರೆ ಅವರ ಲೆಕ್ಕ ಒಮ್ಮೆಯೂ ನಿಜವಾದ ನೆಲಕ್ಕೆ ಇಳಿದಿರಲಿಲ್ಲ. ಬಂದವರೆಲ್ಲ ಕೇಳಿ, ತಲೆಯಾಡಿಸಿ, ಮಾಮೂಲಿ ಏಸಿ ಹಾಕಿಸಿಕೊಂಡು ಹೋಗುತ್ತಿದ್ದರು. ನಿವೃತ್ತಿಗೆ ಮೂರು ನಾಲ್ಕು ವರ್ಷ ಉಳಿದಿದ್ದಾಗ, ಪುಲಿಕೇಶಿನಗರದ ಒಂದು ಹಳೆಯ ಹೆರಿಗೆ ಆಸ್ಪತ್ರೆ ನಮ್ಮ ಬಳಿ ಬಂತು.

ಬಂದವರು ಅಲ್ಲಿನ ಹಿರಿಯ ನರ್ಸ್, ಎಲ್ಲರಿಗೂ ಸಿಸ್ಟರ್. ಕರೆಂಟು ಹೋದಾಗ ಅವರ ಹಳೆಯ ಜನರೇಟರಿಗೆ ಏಸಿಗಳನ್ನು ಎಳೆಯುವ ಶಕ್ತಿಯಿಲ್ಲ. ಎಳೆಗೂಸುಗಳ ವಾರ್ಡು ಬೇಯುತ್ತದೆ. "ಹೋದ್ ಬೇಸಿಗೇಲಿ ಒದ್ದೆ ಬಟ್ಟೆ ಕಿಟಕಿಗೆ ಕಟ್ಕೊಂಡು ನಿಂತಿದ್ವಿ ಮೇಡಂ. ನಿಮ್ದು ಕಮ್ಮಿ ಕರೆಂಟಲ್ಲಿ ಓಡುತ್ತಂತೆ. ಆಗುತ್ತಾ ಆಗಲ್ವಾ, ಅಷ್ಟ್ ಹೇಳ್ಬಿಡಿ" ಎಂದರು. ಮೇಡಂ ಎದ್ದು ನಿಂತು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ನೆಲಾನ ಕೇಳಿ ಹೇಳ್ತೀನ್ರಿ" ಎಂದರು.

ನೆಲವನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಒಂದೇ ಒಂದು ಕುಳಿ ಕೊರೆಸಿ, ಕೊಳವೆ ಇಳಿಸಿ, ಹೀಟರಿನಿಂದ ಒಂದೇ ಸಮನೆ ಬಿಸಿ ಕೊಡುತ್ತ ಎರಡು ದಿನ ನೀರು ಸುತ್ತಿಸಬೇಕು. ನೀರಿನ ಬಿಸಿ ಹೇಗೆ ಏರುತ್ತದೆ ಎಂಬ ಗೆರೆ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಗೆರೆ ಕಡಿದಾಗಿ ಏರಿದರೆ ನೆಲ ಬಿಸಿಯನ್ನು ಹಿಡಿದುಕೊಳ್ಳುತ್ತಿದೆ ಎಂದರ್ಥ. ಮೆಲ್ಲಗೆ ಏರಿದರೆ ಆಚೆ ಸಾಗಿಸುತ್ತಿದೆ. ಅಂಗಳ ಚಿಕ್ಕದು. ನೆಲ ಚೆನ್ನಾಗಿ ಸಾಗಿಸಿದರೆ ಮಾತ್ರ ಬೇಕಾದಷ್ಟು ಕುಳಿಗಳು ಅಲ್ಲಿ ಹಿಡಿಸುತ್ತಿದ್ದವು. ಇಲ್ಲವಾದರೆ ಯೋಜನೆಯೇ ಇಲ್ಲ.

ಗೆರೆ ಬಂತು. ನಾವು ಆಸೆಪಟ್ಟದ್ದಕ್ಕಿಂತ ಚೆನ್ನಾಗಿ, ಬಹುತೇಕ ಮಲಗಿಕೊಂಡೇ ಬಂತು. ಬಾಸ್ ಆಫೀಸಿಗೆಲ್ಲ ಸ್ವೀಟು ತರಿಸಿದರು. "ಮೇಡಂ, ರಿಸಲ್ಟ್ ಸೂಪರ್. ರಿಪೋರ್ಟ್‌ಗೆ ಸೈನ್ ಹಾಕಿ, ಕಮಿಟಿಗೆ ಕಳ್ಸಿಬಿಡೋಣ."

ಮೇಡಂ ಸ್ವೀಟನ್ನು ಮುಟ್ಟಲೂ ಇಲ್ಲ. "ಇಷ್ಟು ಛಲೋ ಯಾಕ ಬಂತು?" ಎಂದರು.

ಅವರ ಗುಣವೇ ಅದು. ಕೆಟ್ಟ ಸುದ್ದಿಯನ್ನು ಒಂದೇ ಸಲಕ್ಕೆ ನಂಬುತ್ತಿದ್ದರು. ಒಳ್ಳೆಯದು ಬಂದರೆ, "ಇನ್ನೊಂದ್ ಸಲ ನೋಡ್ರಿ" ಎನ್ನುತ್ತಿದ್ದರು. ಆ ಮಾತನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ಯಾಕೆಂದರೆ ಇನ್ನೊಂದು ಸಲ ನೋಡಬೇಕಾದವನು ನಾನೇ. ಗೆರೆಯನ್ನು ದೊಡ್ಡದು ಮಾಡಿ ನೋಡಿದಾಗ ಅದು ನೇರವಾಗಿರಲಿಲ್ಲ. ರಾತ್ರಿ ಸ್ವಲ್ಪ ಏರಿ, ಹಗಲು ಮಲಗುತ್ತಿತ್ತು. ಬಿಸಿಲಿನ ಪರಿಣಾಮ ಇರಬೇಕು ಎಂದರು ಬಾಸ್. "ಬಿಸಲಿಗೆ ಹಗಲು ಏರಬೇಕಲ್ರಿ. ಇದು ಹಗಲು ಇಳೀಲಿಕ್ಹತ್ತದ" ಎಂದರು ಮೇಡಂ. ಮಾರನೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೆಲಸವಿಲ್ಲದವರ ಹಾಗೆ ಸುಮ್ಮನೆ ಕುಳಿತರು. ಸಂಜೆಯ ಹೊತ್ತಿಗೆ ಹಿಂದಿನ ಗೋಡೆಯ ಆಚೆ ಏನೋ ನಿಂತಂತೆ ಸದ್ದಡಗಿತು. ಆಗ ನಮಗೆ ಗೊತ್ತಾಯಿತು, ಬೆಳಗಿನಿಂದ ಅಲ್ಲೊಂದು ಪಂಪು ಓಡುತ್ತಲೇ ಇತ್ತು.

ಗೋಡೆಯಾಚೆ ಒಬ್ಬ ಭಾಯ್ ಅವರ ಬೋರ್‌ವೆಲ್. ಬೆಳಿಗ್ಗೆಯಿಂದ ಸಂಜೆಯವರೆಗೆ ಟ್ಯಾಂಕರ್ ತುಂಬುತ್ತಾರೆ, ಇಡೀ ಓಣಿಗೆ ಅವರದೇ ನೀರು. ಪಂಪು ಎಳೆದಾಗ ಬಂಡೆಯ ಬಿರುಕುಗಳಲ್ಲಿ ನೀರು ನಮ್ಮ ಕುಳಿಯ ಪಕ್ಕದಿಂದಲೇ ಅತ್ತ ಹರಿಯುತ್ತಿತ್ತು, ಹೋಗುವಾಗ ನಮ್ಮ ಬಿಸಿಯನ್ನೂ ಕೊಂಡೊಯ್ಯುತ್ತಿತ್ತು. ನಾವು ನೆಲದ ಗುಣ ಎಂದುಕೊಂಡದ್ದು ಟ್ಯಾಂಕರಿನ ಗುಣ. ಪಂಪು ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಬೇಕು ಎಂದರು ಮೇಡಂ. ಬಾಸ್ ತಲೆ ಹಿಡಿದುಕೊಂಡು ಕುಳಿತರು.

ಭಾಯ್ ನಮ್ಮನ್ನು ನಿಲ್ಲಿಸಿಯೇ ಮಾತಾಡಿಸಿದರು. "ನೀವು ಗವರ್ನಮೆಂಟ್ ಕಡೆಯವರಾ?"

"ಅಲ್ರಿ. ನಿಮ್ಮ ಪಂಪು ನಮ್ಮ ಕುಳಿ ತಣ್ಣಗ ಮಾಡ್ಲಿಕ್ಹತ್ತದ."

ಭಾಯ್ ನಕ್ಕರು. "ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಮೇಡಂ. ಬಚ್ಚಾಗಳಿಗೆ ತಂಪಾಗುತ್ತೆ. ನನ್ ಪಂಪ್ ದಿನಾ ಓಡ್ತಾನೇ ಇರುತ್ತೆ, ಟೆನ್ಷನ್ ಯಾಕೆ?"

"ಮೇ ತಿಂಗಳದಾಗೂ ಓಡ್ತದೇನ್ರಿ?"

ಭಾಯ್ ನಗು ನಿಲ್ಲಿಸಿ ನೆಲ ನೋಡಿದರು. ಹೋದ ಬೇಸಿಗೆಯಲ್ಲಿ ಬೋರ್‌ವೆಲ್ ನೀರಿಲ್ಲದೆ ಬರೀ ಗಾಳಿ ಉಗುಳಿದ್ದನ್ನು ಅವರೇ ಕಂಡಿದ್ದರು. "ಹಬ್ಬಕ್ಕೆ ನಿಲ್ಲಿಸ್ತೀನಿ" ಎಂದರು. "ಈದ್ ದಿನ, ಅದರ ಮಾರನೇ ದಿನ. ಡ್ರೈವರ್ ಹುಡುಗ್ರೆಲ್ಲ ಮನೆಗೆ ಹೋಗ್ತಾರೆ. ಅದು ಬಿಟ್ಟು ಒಂದ್ ದಿನಾನೂ ಆಗಲ್ಲ, ಓಣಿ ಜನ ಬಿಡಲ್ಲ."

ಆಸ್ಪತ್ರೆಯ ಕಮಿಟಿ ಸಭೆ ಸೋಮವಾರ ಬೆಳಿಗ್ಗೆ. ಆ ದಿನ ಇದೋ ಅದೋ ತೀರ್ಮಾನವಾಗಲೇಬೇಕು, ಇಲ್ಲದಿದ್ದರೆ ಸುಡುಬಿಸಿಲಿಗೆ ಮೊದಲು ಯಾವ ಕೆಲಸವೂ ಮುಗಿಯುವುದಿಲ್ಲ. ಶುಕ್ರವಾರ ಸಂಜೆ ಚಂದ್ರ ಕಂಡರೆ ಶನಿವಾರ ಹಬ್ಬ. ಪಂಪು ಶನಿವಾರ, ಭಾನುವಾರ ಎರಡೂ ದಿನ ನಿಲ್ಲುತ್ತದೆ, ಪರೀಕ್ಷೆ ಪೂರ್ತಿಯಾಗುತ್ತದೆ. ಕಾಣದಿದ್ದರೆ ಹಬ್ಬ ಭಾನುವಾರ, ಸಭೆಯ ಹೊತ್ತಿಗೆ ನಮ್ಮ ಕೈಯಲ್ಲಿ ಅರ್ಧ ಗೆರೆ.

ಶುಕ್ರವಾರ ಸಂಜೆ ಸಿಸ್ಟರ್, ಮೇಡಂ, ನಾನು ಆಸ್ಪತ್ರೆಯ ತಾರಸಿ ಹತ್ತಿದೆವು. ಸುತ್ತ ಎಲ್ಲ ತಾರಸಿಗಳ ಮೇಲೂ ಜನ. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿದ್ದರು. ಅಲ್ಲಿ ತೆಳುವಾಗಿ ಮೋಡ. ಕೆಳಗೆ ಮಾಸ್ಕ್ ರಸ್ತೆಯಲ್ಲಿ ತಿಂಡಿ ಅಂಗಡಿಗಳ ಹೊಗೆ ಏಳುತ್ತಿತ್ತು. ಮೇಡಂ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು, ಕಣ್ಣು ಮಿಟುಕಿಸಿದರೆ ತಪ್ಪಿಹೋದೀತು ಎಂಬಂತೆ. ವಿಭೂತಿ ಹಚ್ಚಿದ ಹಣೆಯ ಈ ಹೆಂಗಸು ಈದ್ ಚಂದ್ರನಿಗಾಗಿ ಇಷ್ಟು ಕಾತರ ಪಡುವುದನ್ನು ಪಕ್ಕದ ತಾರಸಿಯ ಮಕ್ಕಳು ಬೆರಗಿನಿಂದ ನೋಡುತ್ತಿದ್ದವು. ಕತ್ತಲಾಯಿತು. ಯಾರ ಫೋನಿಗೋ ಸುದ್ದಿ ಬಂತು. ಗೋಡೆಯಾಚೆಯಿಂದ ಭಾಯ್ ಕೂಗಿ ಹೇಳಿದರು, "ಇವತ್ತು ಚಾಂದ್ ಇಲ್ಲ ಮೇಡಂ. ನಾಳೆ ಓಣಿಯವರೆಲ್ಲ ಹಬ್ಬಕ್ಕೆ ನೀರು ತುಂಬ್ಸೋ ದಿನ. ಪಂಪ್ ನಿಲ್ಸಕ್ಕಾಗಲ್ಲ, ಮಾಫ್ ಮಾಡಿ."

"ನಡಸ್ರಿ, ನಡಸ್ರಿ" ಎಂದರು ಮೇಡಂ. ಮೆಟ್ಟಿಲು ಇಳಿಯುವಾಗ ಕಂಬಿಯನ್ನು ಮುಟ್ಟಿ ನೋಡಲಿಲ್ಲ. ಅದನ್ನು ನಾನು ಗಮನಿಸಿದೆ.

ಭಾನುವಾರ ಬೆಳಿಗ್ಗೆ ಪಂಪು ನಿಂತಿತು, ಹೀಟರ್ ಹಾಕಿದೆವು. ಇಡೀ ಬಡಾವಣೆ ಹೊಸ ಬಟ್ಟೆ ತೊಟ್ಟು ಓಡಾಡುತ್ತಿರುವಾಗ ನಾವಿಬ್ಬರು ಅಂಗಳದಲ್ಲಿ ಲ್ಯಾಪ್‌ಟಾಪಿನ ಮುಂದೆ. ನನ್ನ ಭಾನುವಾರ ಹಾಳಾದ ಸಿಟ್ಟು ನನ್ನ ಮುಖದಲ್ಲೇ ಇದ್ದಿರಬೇಕು. ಮಧ್ಯಾಹ್ನ ಭಾಯ್ ಮನೆಯಿಂದ ಎರಡು ಬಟ್ಟಲು ಹಬ್ಬದ ಶಾವಿಗೆ ಪಾಯಸ ಬಂತು. "ಸುರಕುಂಬಾ" ಎಂದು ಮೇಡಂ ಮುಖ ಅರಳಿಸಿದರು. "ನಮ್ಮ ಓಣ್ಯಾಗೂ ಮನಿಮನಿಗಿ ಕೊಡ್ತಿದ್ರು." ಎರಡು ಚಮಚ ತಿಂದು, ಗೆರೆಯ ಕಡೆ ನೋಡಿ, ಬಟ್ಟಲನ್ನು ಕೆಳಗಿಟ್ಟುಬಿಟ್ಟರು. ಗೆರೆ ಏರುತ್ತಿತ್ತು. ಹಗಲಿನಲ್ಲೂ ಏರುತ್ತಿತ್ತು.

ಸೋಮವಾರ ಸಭೆ. ರಿಪೋರ್ಟಿನಲ್ಲಿ ಮೊದಲ ಪರೀಕ್ಷೆಯ ಅಂಕಿಗಳಿದ್ದವು, ಕೆಳಗೆ ಮೇಡಂ ಸಹಿಗೆ ಜಾಗ. ಲೆಕ್ಕ ಅವರದಾದ್ದರಿಂದ ಅವರೇ ಸಹಿ ಹಾಕಬೇಕೆಂದು ಕಮಿಟಿಯವರ ಷರತ್ತು. ಬಾಸ್ ಪೆನ್ನನ್ನು ಮೇಜಿನ ಮೇಲೆ ಅವರತ್ತ ಜರುಗಿಸಿದರು. ಮೇಡಂ ಅದನ್ನು ಹಾಗೆಯೇ ಹಿಂದಕ್ಕೆ ಜರುಗಿಸಿದರು.

"ಮೊದಲಿಂದು ತಪ್ಪದ. ಅಷ್ಟು ಗೊತ್ತಾಗ್ಯದ. ಎಷ್ಟು ತಪ್ಪದ ಹೇಳ್ಲಿಕ್ಕೆ ಇನ್ನೊಂದು ದಿನ ಬೇಕ್ರಿ."

"ಹೌದು ಅಂತೀರೋ ಇಲ್ಲ ಅಂತೀರೋ?" ಎಂದರು ಅಧ್ಯಕ್ಷರು.

"ಇವತ್ತು ಹೌದು ಅನ್ನಂಗಿಲ್ರಿ."

ಸಿಸ್ಟರ್ ಎದ್ದು ನಿಂತರು. "ಒಂದ್ ದಿನ ಕಾಯೋಣ ಸರ್. ಒಂದೇ ದಿನ." ಮತ್ತೆ ಮೇಡಂ ಕಡೆ ತಿರುಗಿ, "ನೀವಾದ್ರೂ ಸೈನ್ ಹಾಕ್ಬಿಡಿ ಮೇಡಂ. ಏನೋ ಒಂದ್ ಆಗುತ್ತೆ. ಆ ಮಕ್ಕಳು..." ಎಂದರು. ಮೇಡಂ ತಲೆ ಎತ್ತಲಿಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಹಿ ಹಾಕಲು ಆಸೆ ಇದ್ದವರು ಅವರೇ. ಜೀವಮಾನವೆಲ್ಲ ಕಾದಿದ್ದ ಕೆಲಸ ಪೆನ್ನಿನಷ್ಟು ಹತ್ತಿರದಲ್ಲಿತ್ತು. ಕಮಿಟಿ ಕಾಯಲಿಲ್ಲ. ಮಾಮೂಲಿ ಏಸಿ, ದೊಡ್ಡ ಜನರೇಟರ್ ಎಂದು ತೀರ್ಮಾನವಾಯಿತು. ಬಾಸ್ ನಮ್ಮಿಬ್ಬರ ಜೊತೆ ಮಾತಾಡದೆ ಕಾರು ಹತ್ತಿ ಹೋದರು.

ನಾನು ಸಾಮಾನು ಕಟ್ಟಲು ಅಂಗಳಕ್ಕೆ ಹೋದರೆ ಮೇಡಂ ಹೀಟರ್ ಮುಂದೆ ಕುಳಿತಿದ್ದರು.

"ಮುಗೀತಲ್ಲ ಮೇಡಂ. ಆಫ್ ಮಾಡ್ಲಾ?"

"ಬ್ಯಾಡ. ನಾಳೆ ಬೆಳಿಗ್ಗಿ ತನ ಅದ ಇದು."

"ಇನ್ ಯಾರಿಗ್ ಬೇಕು ಮೇಡಂ ಇದು?"

ಅವರು ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡರು. ನಾನೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನನಗೇ ಗೊತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಗೆರೆ ಪೂರ್ತಿಯಾಯಿತು. ಎಲ್ಲೂ ಬಾಗದೆ, ನೇರವಾಗಿ, ಕಡಿದಾಗಿ ಏರಿತ್ತು. ಮೇಡಂ ಅಂಕಿಗಳನ್ನು ತಮ್ಮ ಪ್ರೋಗ್ರಾಮಿಗೆ ಕೊಟ್ಟರು. ಮೊದಲ ಬೇಸಿಗೆ ಪರವಾಗಿಲ್ಲ, ಎರಡನೆಯದೂ ತಡೆದೀತು. ಆಮೇಲೆ ನೆಲ ಮೆಲ್ಲಗೆ ಕಾಯುತ್ತ ಹೋಗುತ್ತದೆ. ನಾಲ್ಕನೆಯ ಬೇಸಿಗೆಗೆ ಕೊಳವೆಯಿಂದ ಮರಳುವ ನೀರು ವಾರ್ಡನ್ನು ತಂಪು ಮಾಡುವುದು ಹಾಗಿರಲಿ, ಯಂತ್ರವನ್ನೇ ನಿಲ್ಲಿಸುವಷ್ಟು ಬಿಸಿ. ಡ್ಯೂಟಿ ಮುಗಿಸಿ ಬಂದ ಸಿಸ್ಟರ್ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡರು. ನಿನ್ನೆಯ ಬೇಸರ ಅವರ ಮುಖದಲ್ಲಿರಲಿಲ್ಲ.

"ಹಂಗಾದ್ರೆ ನೀವ್ ಹೇಳಿದ್ದೇ ಸರಿ ಮೇಡಂ."

ಮೇಡಂ ಹೀಟರ್ ಆರಿಸಿ, ಕೊಳವೆಯ ಮೇಲೆ ಅಂಗೈಯ ಹಿಂಬದಿ ಇಟ್ಟು, ಬಿಸಿ ತಾಗಿದರೂ ತೆಗೆಯದೆ ಕುಳಿತರು. ಅವರ ಕಣ್ಣು ತುಂಬಿತ್ತು. "ನಂದು ಸುಳ್ಳಾಗಬೇಕಿತ್ತು ಸಿಸ್ಟರ್" ಎಂದರು.

ಅಂದಿನಿಂದ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಸಿಸ್ಟರ್ ಬಳಿ ಮೇಡಂ ಕೇಳಿಕೊಂಡದ್ದು ಒಂದೇ: ಕುಳಿಯನ್ನು ಮುಚ್ಚಿಸಬೇಡಿ, ಕೊಳವೆಗೆ ಒಂದು ಮುಚ್ಚಳ ಹಾಕಿ ಬಿಡಿ. ನಾವು ಹಾಕಿದ ಬಿಸಿಯನ್ನು ಆ ನೆಲ ಎಷ್ಟು ಕಾಲಕ್ಕೆ ಕಳೆದುಕೊಳ್ಳುತ್ತದೆ ಎಂದು ಅವರಿಗೆ ನೋಡಬೇಕಿತ್ತು. ಅದಕ್ಕೇ ಪ್ರತಿ ರಂಜಾನ್ ಹಬ್ಬದ ದಿನ, ಪಂಪು ನಿಂತಾಗ, ಆ ಉರುಳೆ ಹಿಡಿದು ಬರುತ್ತಿದ್ದರು. ಥರ್ಮಾಮೀಟರ್ ತಳಕ್ಕೆ ಇಳಿಸಿ, ನೋಡಿ, ಮತ್ತೆ ಇಳಿಸಿ, ಭಾಯ್ ಮನೆಯ ಸುರಕುಂಬಾ ತಿಂದು ಕೆ.ಆರ್. ಪುರದ ಬಸ್ಸು ಹತ್ತುತ್ತಿದ್ದರು. ಪ್ರತಿ ಸಲವೂ ಅಂಕಿ, ಹೀಟರ್ ಹಾಕುವ ಮೊದಲು ಇದ್ದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಇರುತ್ತಿತ್ತು.

ಈ ವರ್ಷ ನಾನೊಬ್ಬನೇ ಹೋದೆ. ಸಿಸ್ಟರ್ ಮುಚ್ಚಳ ತೆಗೆದುಕೊಟ್ಟರು. ವೈರು ಬಿಟ್ಟೆ, ಕಾದೆ, ನೋಡಿದೆ. ನಾವು ಮೊದಲ ಸಲ ಹೀಟರ್ ಹಾಕುವ ಮುನ್ನ ನೆಲ ಎಷ್ಟು ತಣ್ಣಗಿತ್ತೋ ಅದೇ ಅಂಕಿ. ಅಲ್ಲಿಂದಲೇ ಕಲಬುರಗಿಗೆ ಫೋನ್ ಮಾಡಿದೆ.

"ಮೇಡಂ, ಹಳೇ ಅಂಕಿಗೆ ಬಂದಿದೆ. ಪೂರ್ತಿ ಹೋಗಿದೆ ಬಿಸಿ."

"ಪಂಪು?"

"ಪಂಪಿಲ್ಲ ಮೇಡಂ. ಭಾಯ್ ಬೋರ್‌ವೆಲ್ ಹೋದ್ ಬೇಸಿಗೇಲೇ ಒಣಗೋಯ್ತು. ಈಗ ಹೊಸಕೋಟೆ ಕಡೆಯಿಂದ ನೀರು ತರಿಸ್ತಾರೆ."

ಮೇ ತಿಂಗಳಲ್ಲೂ ಪಂಪು ಓಡುತ್ತದೆಯೇ ಎಂದು ಅವತ್ತು ಅವರು ಪಟ್ಟ ಅನುಮಾನ ನಿಜವಾಗಿತ್ತು. ಅದನ್ನು ಕೇಳಿ ಸಣ್ಣದೊಂದು ಜಂಬದ ಮಾತಾದರೂ ಬಂದೀತೆಂದು ಕಾದೆ.

"ಅಯ್ಯ, ಓಣಿ ಮಂದಿಗೆ ನೀರು ಸಾಕಾಗ್ತದೇನ್ರಿ?" ಎಂದರು.

"ಹೆಂಗೋ ನಡೀತಿದೆ ಮೇಡಂ."

ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ, "ಪಂಪಿಲ್ದೇನೂ ಬಿಸಿ ಹೋಗ್ಯದ ಅಂದ್ರ... ಬರೇ ಆ ಕೂಸುಗಳ ಒಂದು ವಾರ್ಡಿಗಷ್ಟೇ, ನಡುನಡುವ ನೆಲಕ್ಕ ಬಿಡುವು ಕೊಟ್ಟು ನಡೆಸಿದ್ರ..." ಎಂದು ನಿಲ್ಲಿಸಿದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಇಲ್ಲ ಬಿಡ್ರಿ. ಮೊದಲು ಇನ್ನೊಂದ್ ಸಲ ಇಳಿಸಿ ನೋಡ್ರಿ."

ಏನಂದರು ಎಂದು ಸಿಸ್ಟರ್ ಕಣ್ಣಲ್ಲೇ ಕೇಳಿದರು. ಹೇಳಿದೆ. ಅವರು ಮುಚ್ಚಳವನ್ನು ಕೆಳಗಿಟ್ಟು, ವೈರು ಸಿಕ್ಕಾಗದಂತೆ ಉರುಳೆಯನ್ನು ತಾವೇ ಎರಡು ಕೈಯಲ್ಲಿ ಹಿಡಿದುಕೊಂಡು, "ಸರಿ, ಇಳಿಸಿ" ಎಂದರು.